ಊಹಿಸಿ ಕುಗ್ಗಿಸುವ ಯಂತ್ರ, ಮತ್ತು ತಾಯಿ ಕಾರ್ಡಿನ ಒಂದು ತಾರೀಕು

ತಂಗಿ ತನ್ನ ಮಗುವಿನ ತಾಯಿ ಕಾರ್ಡಿನ ಫೋಟೊ ಕಳಿಸಿದ್ದಳು. ಮೊದಲನೇ ಪೆಂಟಾವೇಲೆಂಟ್ ಲಸಿಕೆ ಆಗಿದೆ, ಎರಡನೆಯದು ಯಾವತ್ತು ಬರುತ್ತದೆ ಲೆಕ್ಕ ಹಾಕಿ ಹೇಳು ಅಂತ ಕೇಳಿದ್ದಳು. ಆ ಫೋಟೊ ನೇರವಾಗಿ ಬಂದದ್ದಲ್ಲ. ಭಾವ ತೆಗೆದು ಮನೆಯವರ ಗುಂಪಿಗೆ ಹಾಕಿದ್ದರು. ಅಲ್ಲಿ ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದು ಮತ್ತೆ ಕಳಿಸಿದ್ದರು. ಪ್ರತಿ ಸಲವೂ ಆ್ಯಪ್ ಅದನ್ನು ಇನ್ನೊಂದಿಷ್ಟು ಚಿಕ್ಕದು ಮಾಡಿತ್ತು. ತಾರೀಕಿನ ಜಾಗದಲ್ಲಿ ನೀಲಿ ಶಾಯಿಯ ಎರಡು ಅಂಕಿ. ಮೊದಲನೆಯದು 1. ಎರಡನೆಯದು 3 ಇರಬಹುದು, 8 ಇರಬಹುದು. ಬೆರಳಲ್ಲಿ ಎಳೆದು ದೊಡ್ಡದು ಮಾಡಿದಷ್ಟೂ ಚೌಕಗಳು ಕಂಡವೇ ಹೊರತು ಅಂಕಿ ಕಾಣಲಿಲ್ಲ.

ಬರೀ ಐದು ದಿನದ ವ್ಯತ್ಯಾಸ ಅಲ್ವಾ ಅನ್ನಿಸಬಹುದು. ಲಸಿಕೆಯ ಲೆಕ್ಕದಲ್ಲಿ ಆ ಐದು ದಿನ ಯಾಕೆ ಮುಖ್ಯ ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಚೌಕಗಳ ವಿಷಯ ಹೇಳಬೇಕು. ಯಾಕೆಂದರೆ ಫೋಟೊ, ಧ್ವನಿ, ಬರಹ ಇವನ್ನೆಲ್ಲ ಕುಗ್ಗಿಸುವ ಕೆಲಸ ಈಗ ಹಳೆಯ ಲೆಕ್ಕಾಚಾರಗಳ ಕೈಯಿಂದ, ಉದಾಹರಣೆ ನೋಡಿ ತಾವೇ ಕಲಿಯುವ ನ್ಯೂರಲ್ ನೆಟ್‌ವರ್ಕ್‌ಗಳ ಕೈಗೆ ಜಾರುತ್ತಿದೆ. ಅದು ಪೂರ್ತಿ ಆದಾಗ ಅಂಥ ಅಂಕಿ ಮಸುಕಾಗಿ ಕಾಣಲಾರದು. ಸ್ಪಷ್ಟವಾಗಿಯೇ ಕಾಣಬಹುದು, ಆದರೆ ತಪ್ಪಾಗಿ. ನನಗೆ ಹೆದರಿಕೆ ಇರುವುದು ಅದರ ಬಗ್ಗೆ.

ನಮ್ಮ ಫೋನುಗಳ ಹೆಚ್ಚಿನ ಫೋಟೊಗಳು ಇವತ್ತಿಗೂ 1992ರಲ್ಲಿ ಬಂದ ಜೆಪೆಗ್ ವಿಧಾನದಲ್ಲೇ ಓಡಾಡುತ್ತವೆ. ಅದು ಚಿತ್ರವನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದಲ್ಲೂ ನಿಧಾನವಾಗಿ ಬದಲಾಗುವ ಬಣ್ಣವನ್ನು ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಥಟ್ಟನೆ ಬದಲಾಗುವ ಸಣ್ಣ ವಿವರವನ್ನು ಒರಟಾಗಿ ಬರೆದುಕೊಳ್ಳುತ್ತದೆ, ಇಲ್ಲವೇ ಬಿಟ್ಟೇಬಿಡುತ್ತದೆ. ಆಕಾಶ, ಗೋಡೆ, ಕೆನ್ನೆ ಇವಕ್ಕೆ ಅಷ್ಟು ಸಾಕು. ತೆಳ್ಳಗಿನ ಪೆನ್ನಿನ ಗೆರೆಗೆ ಸಾಲದು. ಎರಡು ಮೂರು ಸಲ ಹೀಗೆ ಮಾಡಿದರೆ 3 ಮತ್ತು 8ರ ನಡುವಿನ ವ್ಯತ್ಯಾಸವೇ ಕಳೆದುಹೋಗುತ್ತದೆ.

ಇದು ವಿವರ ಬಿಟ್ಟು ಕುಗ್ಗಿಸುವ ದಾರಿ. ಏನನ್ನೂ ಬಿಡದೆ ಕುಗ್ಗಿಸುವ ದಾರಿಯೂ ಇದೆ. ಜಿಪ್ ಫೈಲ್ ಅಂಥದ್ದು, ಬಿಚ್ಚಿದಾಗ ಒಂದು ಅಕ್ಷರವೂ ಆಚೀಚೆ ಆಗುವುದಿಲ್ಲ. ಎರಡನೇ ದಾರಿಯಿಂದಲೇ ಶುರು ಮಾಡುತ್ತೇನೆ. ನ್ಯೂರಲ್ ನೆಟ್‌ವರ್ಕ್ ಇಲ್ಲಿ ಏನು ಮಾಡುತ್ತದೆ ಅನ್ನುವುದು ಅಲ್ಲೇ ಚೆನ್ನಾಗಿ ಕಾಣುತ್ತದೆ.

"ಕೈ ಕೆಸರಾದರೆ ಬಾಯಿ" ಅಂತ ಬರೆದು ನಿಲ್ಲಿಸುತ್ತೇನೆ. ಮುಂದಿನ ಮಾತು ನಿಮಗೆ ಗೊತ್ತು. ಹಾಗಾದರೆ ಅದನ್ನು ನಾನು ಕಳಿಸುವ ಅಗತ್ಯವೇ ಇಲ್ಲ. "ನೀವು ಅಂದುಕೊಂಡದ್ದೇ ಸರಿ" ಅಂತ ಒಂದು ಸಣ್ಣ ಗುರುತು ಕಳಿಸಿದರೆ ಸಾಕು. ಅದೇ ನಾನು "ಕೈ ಕೆಸರಾದರೆ ಬಾಯಿ ಬೆಲ್ಲ" ಅಂತ ಬರೆದಿದ್ದರೆ? ಆಗ ನಿಮ್ಮ ಊಹೆ ತಪ್ಪು. ಬೆಲ್ಲ ಅನ್ನುವುದನ್ನು ಬಿಡಿಸಿ ಹೇಳಬೇಕು, ಜಾಸ್ತಿ ಜಾಗ ಬೇಕು. ಊಹೆಗೆ ಸಿಕ್ಕಿದ್ದು ಅಗ್ಗ, ಸಿಗದಿದ್ದದ್ದು ದುಬಾರಿ. ಡೇಟಾ ಕುಗ್ಗಿಸುವ ವಿದ್ಯೆಯೆಲ್ಲ ಈ ಒಂದು ವಿಷಯದ ಮೇಲೆ ನಿಂತಿದೆ.

ನಮ್ಮ ಹಳೆಯ ತಂತಿ ಕಚೇರಿಗಳಲ್ಲಿ ಇದರ ಒಂದು ರೂಪ ಇತ್ತು. ಮದುವೆಗೆ, ಹಬ್ಬಕ್ಕೆ, ಪರೀಕ್ಷೆ ಪಾಸಾದದ್ದಕ್ಕೆ ಕಳಿಸುವ ಶುಭಾಶಯದ ಸಾಲುಗಳಿಗೆ ಒಂದೊಂದು ನಂಬರು. ಪಟ್ಟಿ ನೋಡಿ ನಂಬರು ಹೇಳಿದರೆ ಆಯಿತು. ತಂತಿಯ ಮೇಲೆ ಹೋಗುತ್ತಿದ್ದದ್ದು ಆ ನಂಬರು ಮಾತ್ರ. ಆ ಕಡೆಯ ಕಚೇರಿಯಲ್ಲಿ ಅದೇ ಪಟ್ಟಿ ಇದ್ದುದರಿಂದ ಪೂರ್ತಿ ಸಾಲು ಅಚ್ಚಾಗಿ ಮನೆಗೆ ಬರುತ್ತಿತ್ತು. 2013ರ ಜುಲೈಯಲ್ಲಿ ನಮ್ಮ ದೇಶದಲ್ಲಿ ಟೆಲಿಗ್ರಾಂ ನಿಂತುಹೋಯಿತು. ಆದರೆ ಎರಡೂ ಕಡೆ ಒಂದೇ ಪಟ್ಟಿ ಇರಬೇಕು ಅನ್ನುವ ಆ ನಿಯಮವನ್ನು ನೆನಪಿನಲ್ಲಿಟ್ಟುಕೊಳ್ಳಿ. ಇಡೀ ಕಥೆಯಲ್ಲಿ ಅದು ಮತ್ತೆ ಮತ್ತೆ ಬರುತ್ತದೆ.

ಈ ಊಹೆಗೆ ಲೆಕ್ಕ ಕೊಟ್ಟವರು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕ್ಲಾಡ್ ಶಾನನ್. ಮಾಹಿತಿಯನ್ನು ಬಿಟ್‌ಗಳಲ್ಲಿ ಅಳೆಯುವುದು ಹೇಗೆ ಅಂತ 1948ರಲ್ಲಿ ತೋರಿಸಿದರು. ಬಿಟ್ ಅಂದರೆ ಸೊನ್ನೆ ಅಥವಾ ಒಂದು, ಅಷ್ಟೇ ಬರೆಯಬಲ್ಲ ಜಾಗ. 1951ರಲ್ಲಿ ಒಂದು ಆಟವನ್ನೇ ಪ್ರಯೋಗ ಮಾಡಿದರು. ಇಂಗ್ಲಿಷ್ ಬರಹ ತೋರಿಸುತ್ತಾ ಹೋಗಿ, ಮುಂದಿನ ಅಕ್ಷರ ಯಾವುದು ಅಂತ ಜನರನ್ನು ಕೇಳುವುದು. ಎಷ್ಟನೇ ಊಹೆಗೆ ಸರಿ ಉತ್ತರ ಬಂತು ಅಂತ ಬರೆದಿಟ್ಟುಕೊಳ್ಳುವುದು. ಅದರಿಂದ ಅವರಿಗೆ ಸಿಕ್ಕಿದ್ದು ಹೀಗೆ: ಹಿಂದಿನದನ್ನೆಲ್ಲ ಬಲ್ಲ ಓದುಗನಿಗೆ ಇಂಗ್ಲಿಷಿನ ಒಂದು ಅಕ್ಷರದಲ್ಲಿ ಹೊಸ ಸುದ್ದಿ ಇರುವುದು ಸುಮಾರು 0.6ರಿಂದ 1.3 ಬಿಟ್ ಅಷ್ಟೇ. ಕಂಪ್ಯೂಟರ್ ಅದಕ್ಕೆ ಇಟ್ಟಿರುವ ಜಾಗ 8 ಬಿಟ್.

ಬೆಲೆಯ ಲೆಕ್ಕ ಸುಲಭ. ಎರಡರಲ್ಲಿ ಒಂದು ಅನ್ನುವಷ್ಟು ಭರವಸೆ ಇದ್ದ ಅಕ್ಷರ ಬಂದರೆ 1 ಬಿಟ್ ಖರ್ಚು. ನಾಲ್ಕರಲ್ಲಿ ಒಂದು ಆದರೆ 2 ಬಿಟ್. 1024ರಲ್ಲಿ ಒಂದು ಅನ್ನುವಂಥದ್ದು ಬಂದರೆ 10 ಬಿಟ್. ನೂರಕ್ಕೆ ತೊಂಬತ್ತು ಖಚಿತ ಅಂದುಕೊಂಡದ್ದೇ ಬಂದರೆ ಬರೀ 0.15 ಬಿಟ್.

ಒಂದು ಬಿಟ್‌ನೊಳಗೆ ಇನ್ನೂ ಚಿಕ್ಕದನ್ನು ಬರೆಯುವುದು ಹೇಗೆ? ಇಲ್ಲೊಂದು ಸೊಗಸಾದ ಉಪಾಯ ಇದೆ. ಸೊನ್ನೆಯಿಂದ ಒಂದರವರೆಗಿನ ಒಂದು ಅಡಿಪಟ್ಟಿ ಇದೆ ಅಂದುಕೊಳ್ಳಿ. "ಹೇಗಿದ್ದೀ" ಅಂತ ಆಗಿದೆ. ಮುಂದೆ "ರಿ" ಬರುವ ಸಂಭವ ನೂರಕ್ಕೆ 60, "ಯ" ಬರುವುದು 25, ಉಳಿದದ್ದೆಲ್ಲ ಸೇರಿ 15 ಅನ್ನೋಣ. ಪಟ್ಟಿಯಲ್ಲಿ ಸೊನ್ನೆಯಿಂದ 0.60ರವರೆಗೆ "ರಿ" ಗೆ, ಅಲ್ಲಿಂದ 0.85ರವರೆಗೆ "ಯ" ಗೆ, ಉಳಿದದ್ದು ಮಿಕ್ಕವಕ್ಕೆ. ಬಂದದ್ದು "ಯ" ಆದರೆ 0.60ರಿಂದ 0.85ರ ತುಂಡನ್ನು ಮಾತ್ರ ಇಟ್ಟುಕೊಂಡು, ಅದನ್ನೇ ಹೊಸ ಪಟ್ಟಿ ಅಂದುಕೊಂಡು ಮುಂದಿನ ಅಕ್ಷರಕ್ಕೆ ಮತ್ತೆ ಹಂಚುವುದು. ಹೀಗೆ ಕಿರಿದಾಗುತ್ತಾ ಹೋದ ತುಂಡಿನೊಳಗಿನ ಯಾವುದಾದರೂ ಒಂದು ಸಂಖ್ಯೆ ಕಳಿಸಿದರೆ ಇಡೀ ಬರಹ ಕಳಿಸಿದ ಹಾಗೆ. ಊಹೆ ಚೆನ್ನಾಗಿದ್ದಷ್ಟೂ ತುಂಡು ಅಗಲವಾಗಿ ಉಳಿಯುತ್ತದೆ, ಅಗಲವಾದ ತುಂಡನ್ನು ತೋರಿಸಲು ಕಡಿಮೆ ಅಂಕಿ ಸಾಕು. ಇದಕ್ಕೆ ಅರಿತ್‌ಮೆಟಿಕ್ ಕೋಡಿಂಗ್ ಅಂತ ಹೆಸರು. 1970ರ ದಶಕದಲ್ಲಿ ಇದು ಬಳಕೆಗೆ ತಕ್ಕ ರೂಪಕ್ಕೆ ಬಂತು. ಅಂದಮೇಲೆ ಊಹೆಯನ್ನು ಬಿಟ್‌ಗೆ ಇಳಿಸುವ ಕೆಲಸ ಆಗಲೇ ಮುಗಿದಿತ್ತು. ಉಳಿದ ಪ್ರಶ್ನೆ ಒಂದೇ, ಚೆನ್ನಾಗಿ ಊಹಿಸುವವರು ಯಾರು?

ನ್ಯೂರಲ್ ನೆಟ್‌ವರ್ಕ್ ಬರುವುದು ಇಲ್ಲಿಗೆ. ಅದು ಸಂಖ್ಯೆಗಳನ್ನು ಒಳಗೆ ತೆಗೆದುಕೊಂಡು ಸಂಖ್ಯೆಗಳನ್ನೇ ಹೊರಗೆ ಕೊಡುವ ಒಂದು ದೊಡ್ಡ ಲೆಕ್ಕ. ನಡುವೆ ಲಕ್ಷಗಟ್ಟಲೆ ತೂಕಗಳಿರುತ್ತವೆ, ರೇಡಿಯೊದ ತಿರುಗಣೆಗಳ ಹಾಗೆ. ಇಲ್ಲಿಯತನಕ ಬಂದ ಬೈಟ್‌ಗಳನ್ನು (ಒಂದು ಬೈಟ್ ಅಂದರೆ 8 ಬಿಟ್) ಒಳಗೆ ಕೊಟ್ಟರೆ, ಮುಂದಿನ ಬೈಟ್ ಆಗಬಹುದಾದ 256 ಸಾಧ್ಯತೆಗಳಿಗೂ ಒಂದೊಂದು ಸಂಭವ ಹೇಳುತ್ತದೆ. ನಿಜವಾದ ಬೈಟ್ ಬಂದ ಮೇಲೆ, ಅದಕ್ಕೆ ಇನ್ನೂ ಹೆಚ್ಚು ಸಂಭವ ಕೊಡಬೇಕಿತ್ತು ಅಂತ ತಿರುಗಣೆಗಳನ್ನೆಲ್ಲ ಕೂದಲೆಳೆಯಷ್ಟು ತಿರುಗಿಸಿಕೊಳ್ಳುತ್ತದೆ. ಕೋಟಿಗಟ್ಟಲೆ ಸಲ ಹೀಗೆ ಮಾಡಿದರೆ ಅದಕ್ಕೆ ಭಾಷೆಯ ಜಾಡು ಸಿಗುತ್ತದೆ.

ನಮ್ಮ ಭಾಷೆಯನ್ನೇ ಇಟ್ಟು ನೋಡೋಣ. "ಕನ್ನಡ" ಅನ್ನುವ ಪದ ನಮ್ಮ ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರ್‌ಗೆ ಐದು ಗುರುತು: ಕ, ನ, ಒತ್ತಕ್ಷರಕ್ಕೆ ದಾರಿ ಮಾಡುವ ವಿರಾಮ ಚಿಹ್ನೆ (್), ಇನ್ನೊಂದು ನ, ಡ. ಅಕ್ಷರಗಳನ್ನು ಬೈಟ್ ಮಾಡಿ ಬರೆಯಲು ಈಗ ಎಲ್ಲೆಲ್ಲೂ ಬಳಸುವ ಯೂಟಿಎಫ್-8ರಲ್ಲಿ ಒಂದೊಂದು ಗುರುತಿಗೂ ಮೂರು ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್. ಹಾಗಾಗಿ ಮೂರಕ್ಷರದ ನಮ್ಮ ಪದಕ್ಕೆ 15 ಬೈಟ್ ಬೇಕು. ಅವು ಹೀಗಿವೆ: 224 178 149, 224 178 168, 224 179 141, 224 178 168, 224 178 161.

ಸುಮ್ನೆ ಒಂದು ಸಲ ಕಣ್ಣಾಡಿಸಿ. ಪ್ರತಿ ಮೂರರ ಗುಂಪು 224ರಿಂದಲೇ ಶುರು. ಎರಡನೆಯದು 178, ಇಲ್ಲವೇ 179. ಕನ್ನಡದ ಗುರುತುಗಳಿಗೆಲ್ಲ ಇದೇ ಕ್ರಮ. ನ್ಯೂರಲ್ ನೆಟ್‌ವರ್ಕ್ ಕನ್ನಡ ಪುಟವೊಂದರ ಮೊದಲ ಕೆಲವು ಸಾಲು ದಾಟುವಷ್ಟರಲ್ಲೇ ಇದನ್ನು ಹಿಡಿದುಬಿಡುತ್ತದೆ. ಅಲ್ಲಿಂದ ಮುಂದೆ 224ಕ್ಕೆ ಹೆಚ್ಚುಕಡಿಮೆ ಸೊನ್ನೆ ಖರ್ಚು, ಎರಡನೇ ಬೈಟಿಗೆ ಹೆಚ್ಚೆಂದರೆ ಒಂದು ಬಿಟ್‌ನಷ್ಟು. ಯೂಟಿಎಫ್-8 ನಮ್ಮ ಮೇಲೆ ಹೊರಿಸಿದ ಮೂರುಪಟ್ಟು ಭಾರ ಅಲ್ಲೇ ಇಳಿಯಿತು. ಇನ್ನೊಂದಿಷ್ಟು ಓದಿದ ಮೇಲೆ ವಿರಾಮ ಚಿಹ್ನೆಯ ನಂತರ ಹೆಚ್ಚಾಗಿ ವ್ಯಂಜನ ಬರುತ್ತದೆ, ಸ್ವರದ ಚಿಹ್ನೆ ಬರಲಾರದು ಅಂತ ತಿಳಿಯುತ್ತದೆ. ಇನ್ನೂ ಮುಂದೆ "ಬೆಂಗಳೂ" ಆದ ಮೇಲೆ "ರು" ಅಂತಲೂ, "ಹೋಗಿ" ಆದ ಮೇಲೆ "ಬಂದೆ", "ಬರುತ್ತೇನೆ" ಇವೆಲ್ಲ ಸಾಲುಗಟ್ಟಿವೆ ಅಂತಲೂ. ಯಾರೂ ವ್ಯಾಕರಣ ಹೇಳಿಕೊಟ್ಟಿಲ್ಲ. ತಪ್ಪು ಊಹೆಗೆ ಬಿಟ್‌ಗಳ ದಂಡ ತೆತ್ತು ತೆತ್ತು ಅದು ಕಲಿತದ್ದು.

ತಂತಿ ಕಚೇರಿಯ ನಿಯಮ ಈಗ ನೆನಪಿಗೆ ಬರಲಿ. ಈ ಕಡೆ ಕುಗ್ಗಿಸುವ ಯಂತ್ರದಲ್ಲಿ ಇರುವ ಊಹೆಗಾರನೇ ಆ ಕಡೆ ಬಿಚ್ಚುವ ಯಂತ್ರದಲ್ಲೂ ಇರಬೇಕು. ಇದಕ್ಕೆ ಒಂದು ಜಾಣ ದಾರಿ ಎಂದರೆ ಎರಡೂ ಕಡೆ ಏನೂ ಗೊತ್ತಿಲ್ಲದ ಅವಳಿಗಳನ್ನು ಕೂರಿಸುವುದು. ಈ ಕಡೆಯದು ಒಂದು ಬೈಟ್ ಬರೆದು ಕಲಿಯುತ್ತದೆ. ಆ ಕಡೆಯದು ಅದೇ ಬೈಟ್ ಬಿಚ್ಚಿ ಅಷ್ಟನ್ನೇ ಕಲಿಯುತ್ತದೆ. ಅವಳಿಗಳು ಹೆಜ್ಜೆಗೆ ಹೆಜ್ಜೆ ಸಮವಾಗಿ ಬೆಳೆಯುತ್ತವೆ. ತೂಕಗಳನ್ನು ಕಳಿಸುವ ಅಗತ್ಯವೇ ಬೀಳುವುದಿಲ್ಲ. ಫ್ರಾನ್ಸಿನ ಫಾಬ್ರಿಸ್ ಬೆಲಾರ್ 2019ರಲ್ಲಿ ಹೊರತಂದ ಎನ್‌ಎನ್‌ಸಿಪಿ ಹೀಗೇ ಕೆಲಸ ಮಾಡುತ್ತದೆ. ವೀಡಿಯೊ ಲೋಕವೆಲ್ಲ ನೆಚ್ಚಿಕೊಂಡಿರುವ ಎಫ್‌ಎಫ್‌ಎಂಪೆಗ್ ತಂತ್ರಾಂಶ ಶುರು ಮಾಡಿದವರೂ ಇವರೇ. ಇಂಗ್ಲಿಷ್ ವಿಕಿಪೀಡಿಯಾದ ನೂರು ಕೋಟಿ ಬೈಟ್‌ಗಳ ಒಂದು ತುಂಡನ್ನು ಈ ಕ್ಷೇತ್ರದವರು ಒರೆಗಲ್ಲಾಗಿ ಇಟ್ಟುಕೊಂಡಿದ್ದಾರೆ. ನಾವು ದಿನಾ ಬಳಸುವ ಜಿಜಿಪ್ ಅದನ್ನು ಸುಮಾರು 32 ಕೋಟಿ ಬೈಟ್‌ಗೆ ಇಳಿಸುತ್ತದೆ. ಬೆಲಾರ್ ಅವರ ಯಂತ್ರ ಸುಮಾರು 11 ಕೋಟಿಗೆ ಇಳಿಸಿದೆ. ಆದರೆ ಜಿಜಿಪ್ ಅರ್ಧ ನಿಮಿಷದ ಆಚೀಚೆ ಮುಗಿಸುವ ಕೆಲಸಕ್ಕೆ ಇದು ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ಬಿಚ್ಚುವಾಗಲೂ ಅಷ್ಟೇ ದಿನ, ಯಾಕೆಂದರೆ ಆ ಕಡೆಯ ಅವಳಿಯೂ ಕಲಿಯುತ್ತಲೇ ಬರಬೇಕು.

ಅವಳಿಗಳ ಈ ದಾರಿಯಲ್ಲಿ ಒಂದು ಸೂಕ್ಷ್ಮ ಅಪಾಯ ಇದೆ. ಒಂದು ಕಂಪ್ಯೂಟರ್ 0.3333333 ಅಂತ ಲೆಕ್ಕ ಹಾಕಿದ್ದನ್ನು ಬೇರೆ ಚಿಪ್ ಇರುವ ಇನ್ನೊಂದು 0.3333334 ಅಂತ ಹಾಕಬಹುದು. ಬೇರೆ ಕೆಲಸಗಳಲ್ಲಿ ಇದು ಲೆಕ್ಕಕ್ಕೇ ಇಲ್ಲ. ಇಲ್ಲಿ ಅಡಿಪಟ್ಟಿಯ ಗಡಿ ಒಂದು ಕೂದಲು ಸರಿದು, ಒಂದು ಅಕ್ಷರ ತಪ್ಪಾಗಿ ಬಿಚ್ಚಿಕೊಂಡರೆ ಮುಗಿಯಿತು. ಆ ತಪ್ಪು ಅಕ್ಷರದಿಂದಲೇ ಆ ಕಡೆಯ ಅವಳಿ ಮುಂದಿನದನ್ನು ಊಹಿಸುತ್ತದೆ. ಅಲ್ಲಿಂದಾಚೆಗೆ ಇಡೀ ಫೈಲು ಅರ್ಥವಿಲ್ಲದ ರಾಶಿ. ಹಾಗಾಗಿಯೇ ದಶಾಂಶದ ಬದಲು ಪೂರ್ಣಾಂಕಗಳಲ್ಲೇ ಲೆಕ್ಕ ಹಾಕುವ ನೆಟ್‌ವರ್ಕ್‌ಗಳನ್ನು ಸಂಶೋಧಕರು ಕಟ್ಟಬೇಕಾಯಿತು.

ಇನ್ನೊಂದು ದಾರಿ, ಮೊದಲೇ ಕಲಿತ ದೊಡ್ಡ ಮಾದರಿಯನ್ನು ಎರಡೂ ಕಡೆ ಇಟ್ಟುಬಿಡುವುದು. 2023ರಲ್ಲಿ ಡೀಪ್‌ಮೈಂಡ್‌ನವರು ಚಿಂಚಿಲಾ ಅನ್ನುವ ತಮ್ಮ ಭಾಷಾ ಮಾದರಿಯನ್ನು ಹೀಗೆ ಬಳಸಿ ನೋಡಿದರು. ಮುಖ್ಯವಾಗಿ ಬರಹ ಓದಿ ಬೆಳೆದ ಮಾದರಿ ಅದು. ಅದಕ್ಕೆ ಚಿತ್ರದ ತುಣುಕುಗಳನ್ನು ಕೊಟ್ಟರೆ ಮೂಲದ ಗಾತ್ರದ ನೂರಕ್ಕೆ 43.4ಕ್ಕೆ ಇಳಿಸಿತು. ಚಿತ್ರಕ್ಕೆಂದೇ ಮಾಡಿದ ಪಿಎನ್‌ಜಿ ಇಳಿಸಿದ್ದು 58.5ಕ್ಕೆ. ಮಾತಿನ ಧ್ವನಿಯನ್ನು 16.4ಕ್ಕೆ ಇಳಿಸಿತು, ಧ್ವನಿಗೆಂದೇ ಮಾಡಿದ ಫ್ಲಾಕ್ 30.3ಕ್ಕೆ. ಕೇಳಲು ಬೆರಗು. ಆದರೆ ಮಾದರಿಯ ಗಾತ್ರವನ್ನೂ ಲೆಕ್ಕಕ್ಕೆ ಹಿಡಿದರೆ ಚಿತ್ರ ಪೂರ್ತಿ ತಲೆಕೆಳಗು. 7,000 ಕೋಟಿ ತೂಕಗಳ ಮಾದರಿ ಅದು. ಒಂದು ಪೋಸ್ಟ್‌ಕಾರ್ಡ್ ಉಳಿಸಲು ಎರಡೂ ಊರಲ್ಲಿ ಒಂದೊಂದು ಗ್ರಂಥಾಲಯ ಕಟ್ಟಿದ ಹಾಗೆ. ಇದೇ ಕಾರಣಕ್ಕೆ 2006ರಿಂದ ನಡೆಯುತ್ತಿರುವ, ಬರಹ ಕುಗ್ಗಿಸುವ ಸ್ಪರ್ಧೆಯಾದ ಹಟ್ಟರ್ ಪ್ರೈಜ್‌ನಲ್ಲಿ, ಬಿಚ್ಚುವ ಪ್ರೋಗ್ರಾಮಿನ ಗಾತ್ರವನ್ನೂ ಸೇರಿಸಿಯೇ ಅಳೆಯುತ್ತಾರೆ. ನನಗೆ ಅದು ಬಹಳ ನ್ಯಾಯವಾದ ನಿಯಮ ಅನ್ನಿಸುತ್ತದೆ.

ಇಷ್ಟು ಹೊತ್ತು ಹೇಳಿದ ದಾರಿಯಲ್ಲಿ ಒಂದು ಸಮಾಧಾನ ಇದೆ. ಊಹೆ ಎಷ್ಟೇ ತಪ್ಪಲಿ, ನಿಜವಾದದ್ದು ಏನು ಅನ್ನುವ ತಿದ್ದುಪಡಿ ಜೊತೆಗೇ ಹೋಗುತ್ತದೆ. ಕೆಟ್ಟ ಊಹೆಗಾರನಿಂದ ಫೈಲು ದೊಡ್ಡದಾಗುತ್ತದೆ, ಸುಳ್ಳಾಗುವುದಿಲ್ಲ. ಫೋಟೊ ವಿಷಯಕ್ಕೆ ಬಂದಾಗ ಈ ಸಮಾಧಾನ ಹೋಗಿಬಿಡುತ್ತದೆ.

ಫೋಟೊ ಕುಗ್ಗಿಸುವ ನ್ಯೂರಲ್ ನೆಟ್‌ವರ್ಕ್‌ನ ಆಕಾರ ಡಮರುವಿನ ಹಾಗೆ. ಒಂದು ಬಾಯಿಂದ ಫೋಟೊ ಒಳಗೆ ಹೋಗುತ್ತದೆ. ನಡುವಿನ ಸಣ್ಣ ಸೊಂಟದಲ್ಲಿ ಕೆಲವೇ ಸಂಖ್ಯೆಗಳಾಗಿ ಹಿಂಡಿಕೊಳ್ಳುತ್ತದೆ. ಇನ್ನೊಂದು ಬಾಯಿಂದ ಮತ್ತೆ ಫೋಟೊ ಆಗಿ ಹೊರಗೆ ಬರುತ್ತದೆ. ಸೊಂಟದ ಸಂಖ್ಯೆಗಳು ಕಡಿಮೆ ಇರಬೇಕು, ಹೊರಗೆ ಬಂದದ್ದು ಒಳಗೆ ಹೋದದ್ದರ ಹಾಗೇ ಕಾಣಬೇಕು. ಈ ಎರಡು ಆಸೆಗಳ ನಡುವೆ ತೂಗುತ್ತಾ ಅದು ಕಲಿಯುತ್ತದೆ. ಯೊಹಾನೆಸ್ ಬಲ್ಲೆ ಮತ್ತು ಜೊತೆಗಾರರು 2016-17ರ ಹೊತ್ತಿಗೆ ಇದನ್ನು ಚೆನ್ನಾಗಿ ಮಾಡಿ ತೋರಿಸಿದರು. ಮಾತಿಗೂ ಇಂಥದ್ದೇ ಬಂತು. ಗೂಗಲ್ 2021ರಲ್ಲಿ ತೋರಿಸಿದ ಲೈರಾ ಸೆಕೆಂಡಿಗೆ 3,000 ಬಿಟ್‌ನಲ್ಲೇ ಮಾತು ಸಾಗಿಸುತ್ತದೆ. ಸಿಗ್ನಲ್ ಸಿಗದ ಮಲೆನಾಡಿನ ಮೂಲೆಯಲ್ಲಿ ಕೂತವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಜೆಪೆಗ್ ಮಾಡಿದ ಮಂಡಳಿಯೇ ನ್ಯೂರಲ್ ನೆಟ್‌ವರ್ಕ್ ಆಧರಿಸಿದ ಜೆಪೆಗ್ ಎಐ ಅನ್ನು 2025ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಗಿ ಹೊರತಂದಿದೆ. ಒಳ್ಳೆಯ ಕೆಲಸ. ಅದೇ ಗಾತ್ರದಲ್ಲಿ ಹೆಚ್ಚು ಚೆಂದದ ಚಿತ್ರ ಸಿಗುತ್ತದೆ.

ಆ ಚೆಂದ ಎಲ್ಲಿಂದ ಬರುತ್ತದೆ ಅನ್ನುವುದನ್ನು ಮಾತ್ರ ಕೇಳಿಕೊಳ್ಳಬೇಕು. ಸೊಂಟ ತೀರಾ ಸಣ್ಣದಾದಾಗ ವಿವರ ಅಲ್ಲಿಂದ ದಾಟುವುದಿಲ್ಲ. ಹಳೆಯ ಜೆಪೆಗ್ ಆಗ ಚೌಕಗಳನ್ನು ತೋರಿಸಿ ಕೈಚೆಲ್ಲುತ್ತದೆ. ಹೊಸ ಯಂತ್ರಗಳಲ್ಲಿ ಕೆಲವು ಹಾಗೆ ಮಾಡುವುದಿಲ್ಲ. ಸಾವಿರಾರು ಫೋಟೊ ನೋಡಿ ಬೆಳೆದ ಅವು, ಇಲ್ಲಿ ಹುಲ್ಲು ಇರಬೇಕು ಅಂತ ಹುಲ್ಲಿನ ಎಳೆಗಳನ್ನು, ಇಲ್ಲಿ ಕೂದಲು ಇರಬೇಕು ಅಂತ ಕೂದಲನ್ನು ಬಿಡಿಸಿ ತುಂಬುತ್ತವೆ. ಹುಲ್ಲಿನ ಎಳೆ ಎಡಕ್ಕೆ ಬಾಗಿತ್ತೋ ಬಲಕ್ಕೋ ಯಾರಿಗೆ ಬೇಕು. ಅಂಕಿಯ ವಿಷಯದಲ್ಲಿ ಹಾಗೆ ಹೇಳಲಾಗದು. ಇಲ್ಲಿಯೂ ಊಹೆಯೇ ನಡೆಯುತ್ತಿದೆ, ಆದರೆ ತಿದ್ದುಪಡಿ ಜೊತೆಗೆ ಬಂದಿಲ್ಲ.

ನ್ಯೂರಲ್ ನೆಟ್‌ವರ್ಕ್ ಇಲ್ಲದೆಯೂ ಇಂಥದ್ದು ಒಮ್ಮೆ ಆಗಿಹೋಗಿದೆ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಒಂದು ಕಟ್ಟಡದ ನಕ್ಷೆಯನ್ನು ಜೆರಾಕ್ಸ್ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದರು. ಮೂಲದಲ್ಲಿ ಮೂರು ಕೋಣೆಗಳ ಅಳತೆ 14.13, 21.11 ಮತ್ತು 17.42 ಚದರ ಮೀಟರ್. ಸ್ಕ್ಯಾನ್‌ನಲ್ಲಿ ಮೂರೂ ಕೋಣೆಗಳ ಮೇಲೆ 14.13! ಅಂಕಿಗಳು ಮಸುಕಾಗಿರಲಿಲ್ಲ, ಅಚ್ಚುಕಟ್ಟಾಗಿದ್ದವು. ಆ ಯಂತ್ರ ಬಳಸುತ್ತಿದ್ದ ಜೆಬಿಗ್2 ವಿಧಾನ, ಒಂದೇ ತರಹ ಕಾಣುವ ತುಣುಕುಗಳನ್ನು ಒಂದೇ ಸಲ ಉಳಿಸಿಕೊಂಡು ಬೇಕಾದಲ್ಲೆಲ್ಲ ಅದನ್ನೇ ಅಂಟಿಸುತ್ತಿತ್ತು. ಇವೆರಡೂ ಒಂದೇ ಅಂತ ತೀರ್ಮಾನಿಸಿದ ಕಡೆ ತಪ್ಪಿತ್ತು. 6 ಇದ್ದಲ್ಲಿ 8 ಬಂದ ಕಾಗದಗಳೂ ಸಿಕ್ಕಿದವು. ಕಂಪನಿ ಆಮೇಲೆ ತಂತ್ರಾಂಶ ಸರಿಪಡಿಸಿ ಕೊಟ್ಟಿತು. ಆದರೆ ಅಷ್ಟರೊಳಗೆ ಹಾಗೆ ಸ್ಕ್ಯಾನ್ ಆಗಿ ಮೂಲ ಕಾಗದ ಬಿಸಾಡಿದ ಕಡತಗಳಲ್ಲಿ ಯಾವ ಅಂಕಿ ನಿಜ ಅಂತ ಹೇಳುವವರು ಯಾರು?

ಈಗ ತಾಯಿ ಕಾರ್ಡಿಗೆ ಬರೋಣ.

ನಮ್ಮ ದೇಶದ ವೇಳಾಪಟ್ಟಿಯಲ್ಲಿ ಪೆಂಟಾವೇಲೆಂಟ್ ಲಸಿಕೆ 6, 10 ಮತ್ತು 14ನೇ ವಾರಕ್ಕೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಈ ಐದಕ್ಕೂ ಒಂದೇ ಚುಚ್ಚುಮದ್ದು. ಎರಡು ಡೋಸಿನ ನಡುವೆ ಕನಿಷ್ಠ 4 ವಾರ, ಅಂದರೆ 28 ದಿನ ಇರಬೇಕು. ಯಾಕೆಂದರೆ ಮೊದಲ ಡೋಸ್ ಆದ ಮೇಲೆ ಮೈಯೊಳಗೆ ಒಂದು ತಾಲೀಮು ನಡೆಯುತ್ತದೆ. ದುಗ್ಧಗ್ರಂಥಿಗಳಲ್ಲಿ, ಪ್ರತಿಕಾಯ ತಯಾರಿಸುವ ಬಿ ಕಣಗಳು ಮತ್ತೆ ಮತ್ತೆ ಹುಟ್ಟಿ, ರೋಗದ ತುಣುಕನ್ನು ಗಟ್ಟಿಯಾಗಿ ಹಿಡಿಯಬಲ್ಲವು ಉಳಿದು, ಬಾರದವು ಅಳಿಯುತ್ತವೆ. ಇದಕ್ಕೆ ವಾರಗಳು ಬೇಕು. ಆ ತಾಲೀಮಿನ ನಡುವೆಯೇ ಎರಡನೇ ಡೋಸ್ ಬಂದರೆ ಅದರಿಂದ ಆಗಬೇಕಾದಷ್ಟು ಲಾಭ ಆಗುವುದಿಲ್ಲ. ತಡವಾದರೆ ಹಾಗಲ್ಲ. ಕಲಿತ ಕಣಗಳ ನೆನಪು ಉಳಿದಿರುತ್ತದೆ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು, ಮೊದಲಿನಿಂದ ಶುರು ಮಾಡಬೇಕಿಲ್ಲ. ಹಾಗಂತ ತಡ ಮಾಡುತ್ತಾ ಕೂರುವಂತಿಲ್ಲ. ನಾಯಿಕೆಮ್ಮು ಜೀವಕ್ಕೆ ಕುತ್ತು ತರುವುದು ಮೊದಲ ತಿಂಗಳುಗಳಲ್ಲೇ ಜಾಸ್ತಿ.

2021ರ ಮೇ ತಿಂಗಳಲ್ಲಿ ಕೋವಿಶೀಲ್ಡ್‌ನ ಎರಡು ಡೋಸಿನ ಅಂತರವನ್ನು 12-16 ವಾರಗಳಿಗೆ ಏರಿಸಿದಾಗ ಎಷ್ಟು ಜನ ಕಂಗಾಲಾಗಿದ್ದರು ನೆನಪಿದೆಯಾ? ಲಸಿಕೆ ಸಾಲದ್ದಕ್ಕೇ ಹೀಗೆ ಮಾಡಿದರು ಅಂತ ಮಾತು ಬಂತು. ಕೊರತೆ ಇದ್ದದ್ದು ನಿಜ. ಆ ಲಸಿಕೆಗೆ ಅಂತರ ಹೆಚ್ಚಿದಾಗ ಪ್ರತಿಕಾಯಗಳು ಹೆಚ್ಚು ಬರುತ್ತವೆ ಅಂತ ಪ್ರಯೋಗಗಳಲ್ಲಿ ಕಂಡಿದ್ದೂ ನಿಜ.

ಹಾಗಾಗಿ ತಂಗಿಯ ಕಾರ್ಡಿನಲ್ಲಿ 13 ಇದ್ದದ್ದನ್ನು 18 ಅಂತ ಓದಿದ್ದರೆ ಡೋಸ್ ಐದು ದಿನ ತಡ, ದೊಡ್ಡ ತೊಂದರೆ ಇಲ್ಲ. 18 ಇದ್ದದ್ದನ್ನು 13 ಅಂತ ಓದಿದ್ದರೆ 28 ದಿನದ ಅಂತರ 23ಕ್ಕೆ ಇಳಿಯುತ್ತಿತ್ತು. ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿ ತಾರೀಕು ಇರುತ್ತದೆ, ಸಿಸ್ಟರ್ ನೋಡಿಯೇ ಕೊಡುತ್ತಾರೆ ಅನ್ನುವ ಧೈರ್ಯ ಇದೆ. ಆದರೆ ಊರು ಬಿಟ್ಟು ಬೇರೆ ಕಡೆ ಹೋದ ತಾಯಂದಿರು ಎಷ್ಟೋ ಸಲ ಹೊಸ ಊರಿನ ಕೇಂದ್ರದಲ್ಲಿ ತೋರಿಸುವುದು ಮೊಬೈಲಿನಲ್ಲಿರುವ ಫೋಟೊವನ್ನೇ.

ಅವತ್ತು ಆ ಅಂಕಿ ಮಸುಕಾಗಿತ್ತು. ಅದರಿಂದಲೇ ನನಗೆ ಅನುಮಾನ ಬಂತು, ತಂಗಿಗೆ ಫೋನ್ ಮಾಡಿದೆ. ಫೋಟೊ ಅಂತ ಬೇಡ, ಡಾಕ್ಯುಮೆಂಟ್ ಅಂತ ಕಳಿಸು, ಆಗ ಆ್ಯಪ್ ಅದನ್ನು ಮುಟ್ಟುವುದಿಲ್ಲ ಅಂದೆ. ಭಾವನ ಮೊಬೈಲಿನಲ್ಲಿದ್ದ ಮೂಲ ಫೋಟೊವನ್ನೇ ಹುಡುಕಿ ಕಳಿಸಿದಳು. ತೆರೆಯಲು ಸ್ವಲ್ಪ ಹೊತ್ತು ಹಿಡಿಯಿತು. ಶಾಯಿ ಕಾಗದದಲ್ಲಿ ಹರಡಿದ್ದು ಕೂಡ ಕಾಣುತ್ತಿತ್ತು. ಎರಡನೇ ಅಂಕಿಯ ಎಡಗಡೆ ಗೆರೆ ಮುಚ್ಚಿಕೊಂಡಿತ್ತು. ಅದು 8.